ಕೆಳಗೆ ಅಂಗಡಿ, ಮೇಲೆ ಮನೆ: ಮೆಟ್ಟಿಲನ್ನು ಮಾತ್ರ ಬಾಡಿಗೆಗೆ ಕೊಡಬೇಡಿ

ಪ್ರಶ್ನೆ: ಬೀದರದ ಹಳೇ ಊರಲ್ಲಿ, ಚೌಬಾರಾದಿಂದ ಗವಾನ್ ಮದರಸದ ಕಡೆ ಹೋಗುವಲ್ಲಿ ನಮ್ಮ ಅಜ್ಜನ ಕಾಲದ ಕಟ್ಟಡ ಇದೆ. ಕೆಳಗೆ ಮೂರು ಅಂಗಡಿ, ಮೇಲೆ ಮನೆ. ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ, ತೊಲೆ-ಜಂತಿಯ ಮಣ್ಣಿನ ಮಾಳಿಗೆ. ಮೇಲೆ ಈಗ ಯಾರೂ ಇಲ್ಲ. ಮಳೆ ಬಂದರೆ ಸೋರುತ್ತದೆ. ಕೆಳಗೆ ಗೋಡೆ ತೇವ ಹಿಡಿದಿದೆ. ಎರಡು ಸಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು, ಮತ್ತೆ ಉದುರಿತು. ಒಬ್ಬ ಬಾಡಿಗೆದಾರರು ನಡುಗೋಡೆ ತೆಗೆದು ಎರಡು ಅಂಗಡಿ ಒಂದು ಮಾಡಿ, ಮೆಟ್ಟಿಲಿನ ಜಾಗವನ್ನೂ ಕೊಡಿ, ಬಾಡಿಗೆ ಜಾಸ್ತಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಗುತ್ತಿಗೆದಾರರು ಪೂರ್ತಿ ಕೆಡವಿ ಪಿಲ್ಲರ್ ಹಾಕಿ ಮೂರಂತಸ್ತು ಏರಿಸೋಣ ಎನ್ನುತ್ತಾರೆ. ಅಣ್ಣತಮ್ಮಂದಿರು ಮೂವರು, ಮೂರು ಮಾತು. ಏನು ಮಾಡುವುದು?

ಉತ್ತರ: ಮೊದಲು ಉತ್ತರ, ಆಮೇಲೆ ಕಾರಣ. ಕೆಡವಬೇಡಿ. ನಡುಗೋಡೆ ತೆಗೆಯಬೇಡಿ. ಮೆಟ್ಟಿಲಿನ ಜಾಗವನ್ನು ಎಷ್ಟೇ ಬಾಡಿಗೆ ಬಂದರೂ ಬಿಟ್ಟುಕೊಡಬೇಡಿ. ಈ ಕೊನೆಯದು ನಿಮ್ಮ ಪತ್ರದಲ್ಲಿ ಅರ್ಧ ಸಾಲಿನಲ್ಲಿ ಬಂದು ಹೋಗಿದೆ. ನನ್ನ ಕಣ್ಣು ನಿಂತಿದ್ದು ಅಲ್ಲೇ.

ಯಾಕೆ ಅಂತ ಕೇಳಿ. ಹಳೇ ಬಜಾರಿನ ಕಟ್ಟಡಕ್ಕೆ ಬೀದಿಯ ಕಡೆ ಇರುವ ಅಗಲ ಕಡಿಮೆ. ಅದರಲ್ಲಿ ಮೂರು, ಮೂರೂವರೆ ಅಡಿ ಮೆಟ್ಟಿಲಿನ ಬಾಗಿಲಿಗೆ ಹೋಗುತ್ತದೆ. ಅಂಗಡಿಯವರಿಗೆ ಆ ಮೂರಡಿ ಚಿನ್ನ. ಮಾಲೀಕರಿಗೂ ಮೇಲೆ ಯಾರೂ ಇಲ್ಲವಲ್ಲ, ಕೊಟ್ಟರೆ ಏನಾಯಿತು ಅನಿಸುತ್ತದೆ. ಕೊಟ್ಟ ಮೇಲೆ ಮೇಲಕ್ಕೆ ಹೋಗಲು ಅಂಗಡಿಯೊಳಗಿಂದ ಏಣಿ ಇಡುತ್ತಾರೆ. ಮೇಲಿನ ಮನೆ ರಟ್ಟಿನ ಡಬ್ಬಿಗಳ ಗೋದಾಮು ಆಗುತ್ತದೆ. ಮಾಳಿಗೆ ಹತ್ತಿ ನೋಡುವವರು ಇಲ್ಲ. ಪ್ಯಾರಪೆಟ್ ಬಿರುಕಲ್ಲಿ ಅರಳಿ ಗಿಡ ಹುಟ್ಟಿದ್ದು ಎದುರು ಅಂಗಡಿಯವರಿಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ನೀರು ತೊಲೆಯ ತುದಿಗೆ ಇಳಿಯುತ್ತದೆ, ತುದಿ ಕೊಳೆಯುತ್ತದೆ. ಕೆಲವು ವರ್ಷ ಬಿಟ್ಟು ಯಾರೋ ಬಂದು "ಇದು ಅಪಾಯದ ಕಟ್ಟಡ" ಅಂತ ಬರೆದು ಹೋಗುತ್ತಾರೆ. ಆಗ ಕೆಡವುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಚೌಬಾರಾ ಸುತ್ತಲಿನ ರಸ್ತೆಗಳಲ್ಲೇ ಆಗಲಿ, ಕಲಬುರಗಿಯ ಕಪಡಾ ಬಜಾರದಲ್ಲೇ ಆಗಲಿ, ಒಮ್ಮೆ ತಲೆ ಎತ್ತಿ ನಡೆಯಿರಿ. ಕೆಳಗೆ ಗಿಜಿಗಿಜಿ, ಮೇಲೆ ಮುಚ್ಚಿದ ಕಿಟಕಿ. ಹಿಂದೆ ವ್ಯಾಪಾರಿ ತನ್ನ ಅಂಗಡಿಯ ಮೇಲೆಯೇ ಮಲಗುತ್ತಿದ್ದ. ರಾತ್ರಿ ಹನಿ ತೊಟ್ಟಿಕ್ಕಿದರೆ ಬೆಳಿಗ್ಗೆ ಎದ್ದು ಮಣ್ಣು ಹಾಕಿಸುತ್ತಿದ್ದ. ಕಟ್ಟಡ ಉಳಿದಿದ್ದು ಹಾಗೆ. ಇಂಥ ಕಟ್ಟಡಗಳ ದುರಸ್ತಿ ಅಂದರೆ ನನ್ನ ಪ್ರಕಾರ ಮೇಲಿನ ಮನೆಗೆ ಮತ್ತೆ ಜನ ಬರುವ ಹಾಗೆ ಮಾಡುವುದು. ಉಳಿದ ಕಲ್ಲು-ಸುಣ್ಣದ ಮಾತೆಲ್ಲ ಅದಕ್ಕಾಗಿ.

ಈಗ ಕೆಡವುವ ಮಾತು. ಗುತ್ತಿಗೆದಾರರು ನಿಮಗೆ ಕಾನೂನು ಹೇಳಿಲ್ಲ ಅಂತ ಕಾಣುತ್ತದೆ. ಮಹಮೂದ್ ಗವಾನ್ ಮದರಸ 1472ರಲ್ಲಿ ಆದದ್ದು. ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಸ್ಮಾರಕ ಕಾನೂನಿಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಇಂಥ ಸ್ಮಾರಕದ ಸುತ್ತ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಟೇಪು ಹಿಡಿಯುವುದು ಮಿನಾರಿನ ಬುಡದಿಂದ ಅಲ್ಲ, ರಕ್ಷಿತ ಜಾಗದ ಗಡಿಯಿಂದ. ಇಲ್ಲಿ ತುಂಬಾ ಜನ ತಪ್ಪು ಲೆಕ್ಕ ಹಾಕುತ್ತಾರೆ.

ನಿಮ್ಮ ಕಟ್ಟಡ 100 ಮೀಟರ್ ಒಳಗೆ ಬಂದರೆ ಹೊಸ ಮಹಡಿ ಏರಿಸುವಂತಿಲ್ಲ, ಪಕ್ಕಕ್ಕೆ ಚಾಚುವಂತಿಲ್ಲ. ಕೆಡವಿ ಅದೇ ಅಳತೆಗೆ ಮತ್ತೆ ಕಟ್ಟುತ್ತೇನೆ ಅಂದರೂ ಆಗುವುದಿಲ್ಲ. ದುರಸ್ತಿ ಮತ್ತು ನವೀಕರಣಕ್ಕೆ ಮಾತ್ರ ಅನುಮತಿ ಕೇಳಬಹುದು. ಅದಕ್ಕೂ ಕಟ್ಟಡ 1992ರ ಜೂನ್ 16ಕ್ಕಿಂತ ಮೊದಲೇ ಇತ್ತು ಅಂತ ತೋರಿಸಬೇಕು. ಅಂದರೆ ಕೆಡವಿದ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಖಾಲಿ ಜಾಗ. ಬಜಾರಿನ ನಡುವೆ ಏನೂ ಕಟ್ಟಲಾಗದ ಖಾಲಿ ಜಾಗ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಯಂತ್ರಿತ ಪ್ರದೇಶದಲ್ಲಿದ್ದರೆ ಹೊಸದಾಗಿ ಕಟ್ಟಲು ಅರ್ಜಿ ಹಾಕಬಹುದು, ಆದರೆ ಅನುಮತಿ ಮೊದಲು, ಕೆಲಸ ಆಮೇಲೆ. ಈ ಅನುಮತಿ ಬೇರೆ, ಊರಿನ ಸ್ಥಳೀಯ ಸಂಸ್ಥೆಯ ಕಟ್ಟಡ ಪರವಾನಗಿ ಬೇರೆ. ಒಂದು ಸಿಕ್ಕರೆ ಇನ್ನೊಂದು ಸಿಕ್ಕಂತೆ ಅಲ್ಲ.

ಹಾಗಾಗಿ ಈ ವಾರವೇ ಹಳೇ ತೆರಿಗೆ ರಸೀದಿ, ಕರೆಂಟ್ ಬಿಲ್ಲು, ಖರೀದಿ ಪತ್ರ, ಮದುವೆ ಫೋಟೋದ ಹಿಂದೆ ಕಾಣುವ ಗೋಡೆ, ಏನು ಸಿಗುತ್ತದೋ ಎಲ್ಲ ಒಂದು ಫೈಲಿಗೆ ಸೇರಿಸಿ. ಕಟ್ಟಡದ ಅಳತೆ ನಕ್ಷೆ ಮಾಡಿಸಿ. ಪ್ರತಿ ಗೋಡೆಯ ಫೋಟೋ ತೆಗೆದಿಡಿ.

ಕಾನೂನು ಇಲ್ಲದಿದ್ದರೂ ನಾನು ಕೆಡವಬೇಡಿ ಅಂತಲೇ ಹೇಳುತ್ತಿದ್ದೆ. ಹಳೇ ಊರಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ನಿಮ್ಮ ಪಕ್ಕದ ಗೋಡೆ ನಿಮ್ಮೊಬ್ಬರದಲ್ಲ, ಪಕ್ಕದವರ ಜಂತಿಯೂ ಅದರ ಮೇಲೇ ಕೂತಿರಬಹುದು. ಪಿಲ್ಲರಿಗೆ ಆಳಕ್ಕೆ ಗುಂಡಿ ತೋಡಿದರೆ, ಅವರ ಬುನಾದಿ ಅಷ್ಟು ಆಳ ಇಲ್ಲದಿದ್ದರೆ, ಮೊದಲು ಇಳಿಯುವುದು ಅವರ ಮನೆ.

ಇನ್ನು ತೇವ. ನಿಮ್ಮ ಕಟ್ಟಡದ ಅರ್ಧ ರೋಗ ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೀದರ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮೇಲೆ ಕೆಂಪು ಕಲ್ಲಿನ ಪದರ, ಕೆಳಗೆ ಗಟ್ಟಿ ಕರಿಕಲ್ಲು. ಮಳೆ ನೀರು ಕೆಂಪು ಕಲ್ಲಿನ ತೂತುಗಳಲ್ಲಿ ಇಳಿದು, ಕರಿಕಲ್ಲು ಸಿಕ್ಕಿದಲ್ಲಿ ಅಡ್ಡಕ್ಕೆ ಹರಿಯುತ್ತದೆ. ಬಹಮನಿಗಳ ಕಾಲದವರು ಇದನ್ನು ನೋಡಿಯೇ ನೌಬಾದದಲ್ಲಿ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದರು, ಅದೇ ಕರೇಜ್. ನಿಮ್ಮ ಗೋಡೆಯ ಕಲ್ಲೂ ಅದೇ ಕಲ್ಲು. ನೆಲದಿಂದ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಗೋಡೆಯ ಬುಡದಲ್ಲಿ ತೇವ ತಡೆಯುವ ಪದರ ಹಾಕುವ ಪದ್ಧತಿ ಆಗ ಇರಲಿಲ್ಲ. ಅದರ ಬದಲು ಸುಣ್ಣದ ಗಾರೆ ಇತ್ತು. ಹೀರಿದ ನೀರು ಗಾರೆಯ ಮೂಲಕ ಆವಿಯಾಗಿ ಹೋಗುತ್ತಿತ್ತು. ಗೋಡೆ ಎರಡಡಿಯವರೆಗೆ ಹಸಿ, ಅದರ ಮೇಲೆ ಒಣ. ಅಷ್ಟೇ.

ನೀವು ಸಿಮೆಂಟ್ ಬಳಿದಿರಿ. ನೀರಿಗೆ ಹೊರಗೆ ಹೋಗುವ ದಾರಿ ಮುಚ್ಚಿತು. ನೀರು ಸುಮ್ನೆ ಇರುವುದಿಲ್ಲ, ದಾರಿ ಸಿಗುವವರೆಗೆ ಮೇಲೇರುತ್ತದೆ. ಎರಡಡಿ ಇದ್ದ ತೇವ ನಾಲ್ಕಡಿ ಆಯಿತು. ನೀರಿನ ಜೊತೆ ಉಪ್ಪೂ ಬರುತ್ತದೆ. ಪ್ಲಾಸ್ಟರಿನ ಹಿಂದೆ ಉಪ್ಪು ಹರಳುಗಟ್ಟಿ ಉಬ್ಬುತ್ತದೆ. ಉದುರಿದ ಸಿಮೆಂಟ್ ಚಕ್ಕೆಯನ್ನು ಕೈಯಲ್ಲಿ ಹಿಡಿದು ಮಗುಚಿ ನೋಡಿ. ಅದರ ಬೆನ್ನಿಗೆ ಕೆಂಪು ಕಲ್ಲಿನ ಒಂದು ಪದರ ಅಂಟಿಕೊಂಡು ಬಂದಿರುತ್ತದೆ. ಪ್ರತಿ ಸಲ ಪ್ಲಾಸ್ಟರ್ ಮಾಡಿಸಿದಾಗ ನೀವು ಗೋಡೆಯನ್ನೇ ಒಂದಿಷ್ಟು ತೆಳ್ಳಗೆ ಮಾಡಿಸುತ್ತಿದ್ದೀರಿ. ಮೂರನೇ ಸಲ ಬೇಡ.

ಮಾಡಬೇಕಾದ್ದು ಏನು? ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಹಳೇ ಊರಲ್ಲಿ ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಅಂಗಡಿಯ ಕಟ್ಟೆ ಕೆಳಗೆ ಉಳಿಯುತ್ತದೆ. ಒಂದು ಕಾಲದಲ್ಲಿ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ರಸ್ತೆಯಿಂದ ಇಳಿದು ಹೋಗುವ ಸ್ಥಿತಿ. ಮುಂದಿನ ಚರಂಡಿ ಕಟ್ಟಿಕೊಂಡಿದೆಯಾ, ಮಾಳಿಗೆಯ ದೋಣಿಯಿಂದ, ಅಂದರೆ ಮಳೆ ನೀರು ಹೊರಬೀಳುವ ಕೊಳವೆಯಿಂದ, ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯಾ, ಹಿಂದಿನ ಬಚ್ಚಲಿನ ಪೈಪು ಒಡೆದಿದೆಯಾ, ಇವನ್ನು ಸರಿ ಮಾಡದೆ ಗೋಡೆಗೆ ಏನು ಬಳಿದರೂ ದಂಡ.

ಆಮೇಲೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟನ್ನು ನಿಧಾನಕ್ಕೆ ಕೀಳಿಸಿ. ಗೋಡೆಯನ್ನು ಒಂದು ಬೇಸಿಗೆ ಬರಿಮೈ ಬಿಡಿ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ. ಹೊರಬಂದ ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಕೆರೆದು ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಕಲ್ಲಿನ ಸಂದುಗಳನ್ನು ಒಂದಿಂಚು ಆಳಕ್ಕೆ ಕೆರೆದು ಸುಣ್ಣದ ಗಾರೆ ತುಂಬಿಸಿ, ಮೇಲೆ ಸುಣ್ಣದ ಪ್ಲಾಸ್ಟರ್, ಅದರ ಮೇಲೆ ಸುಣ್ಣದ ಬಣ್ಣ. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಮತ್ತೆ ಹಳೇ ಕಥೆ. ಬುಡದ ಎರಡಡಿ ಸುಣ್ಣದ ಪ್ಲಾಸ್ಟರ್ ಕೆಲವು ವರ್ಷಕ್ಕೆ ಸವೆಯುತ್ತದೆ. ಸವೆಯಲಿ ಅಂತಲೇ ಅದನ್ನು ಹಾಕುವುದು, ಕಲ್ಲು ಉಳಿಯುತ್ತದೆ.

ಅಂಗಡಿಯ ನೆಲವೂ ನೋಡಿಕೊಳ್ಳಿ. ಕಾಂಕ್ರೀಟ್ ಹಾಕಿ ಹೊಳೆಯುವ ಟೈಲ್ಸ್ ಕೂರಿಸಿದರೆ ನೆಲದ ತೇವವೆಲ್ಲ ಗೋಡೆಗೆ ತಿರುಗುತ್ತದೆ. ಶಹಾಬಾದ ಕಲ್ಲು ಹಾಸಿ, ಸಂದಿಗೆ ಸುಣ್ಣ ತುಂಬಿಸಿ. ಪಕ್ಕದ ಜಿಲ್ಲೆಯ ಕಲ್ಲು, ತಂಪು, ಬಾಳಿಕೆ ಜಾಸ್ತಿ. ಒಂದು ಮಾತು ಇಲ್ಲಿ ಹೇಳದೆ ಇರಲಾರೆ. ವಾಡಿ, ಸೇಡಂ, ಮಳಖೇಡದ ಸುಣ್ಣದ ಕಲ್ಲು ಸಿಮೆಂಟ್ ಆಗಿ ಎಲ್ಲೆಲ್ಲಿಗೋ ಹೋಗುತ್ತದೆ, ಆದರೆ ಈ ಭಾಗದಲ್ಲೇ ಚೆನ್ನಾಗಿ ನೆನೆಸಿದ ಸುಣ್ಣ ಬೇಕು ಅಂದರೆ ಹುಡುಕಬೇಕು.

ಸುಣ್ಣದ ಬಗ್ಗೆ ಗೌಂಡಿಯ ಹತ್ತಿರ ಮೊದಲೇ ಮಾತಾಡಿ. ಸುಟ್ಟ ಸುಣ್ಣದ ಹರಳು ತಂದು ನೀರಲ್ಲಿ ಅರಳಿಸಿ, ಕೆಲವು ವಾರವಾದರೂ ನೀರಿನಡಿ ಮುಳುಗಿಸಿಡಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೇವ ಜಾಸ್ತಿ ಇರುವಲ್ಲಿ ಮರಳಿನ ಒಂದು ಭಾಗ ತೆಗೆದು ಸುಟ್ಟ ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಸೇರಿಸಿ. "ಸ್ವಲ್ಪ ಗಟ್ಟಿ ಆಗ್ಲಿ" ಅಂತ ನಿಮ್ಮ ಕಣ್ಣು ತಪ್ಪಿಸಿ ಒಂದು ಬೊಗಸೆ ಸಿಮೆಂಟ್ ಹಾಕುವ ಗೌಂಡಿಗಳಿದ್ದಾರೆ. ಬೇಡ ಅಂತ ಹೇಳಿ, ಪಕ್ಕದಲ್ಲಿ ನಿಂತು ನೋಡಿ. ಬೆಲ್ಲ, ಅಳಲೆಕಾಯಿ, ಮೊಟ್ಟೆ ಅಂತೆಲ್ಲ ಯಾರಾದರೂ ದೊಡ್ಡ ಪಟ್ಟಿ ಕೊಟ್ಟರೆ ಗಾಬರಿ ಬೀಳಬೇಡಿ. ಬೆಲ್ಲ ಮತ್ತು ಅಳಲೆಕಾಯಿ ಮಾಳಿಗೆಯ ಗಚ್ಚಿಗೆ ನಿಜಕ್ಕೂ ಉಪಯೋಗ. ಅಂಗಡಿಯ ಗೋಡೆಗೆ ಒಳ್ಳೇ ಸುಣ್ಣ, ತೊಳೆದ ಮರಳು, ತಾಳ್ಮೆ ಇದ್ದರೆ ಸಾಕು. ಸುಣ್ಣದ ಕೆಲಸ ಬೇಗ ಒಣಗಬಾರದು. ಒದ್ದೆ ಗೋಣಿಚೀಲ ಇಳಿಬಿಟ್ಟು ದಿನಗಟ್ಟಲೆ ತಂಪು ಇಡಬೇಕು. ಏಪ್ರಿಲ್-ಮೇ ಬಿಸಿಲಲ್ಲಿ ಈ ಕೆಲಸ ಮಾಡಿಸಿದರೆ ಪುಡಿಪುಡಿಯಾಗಿ ಬರುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೇ ಕಾಲ.

ಮಾಳಿಗೆಗೆ ಬರೋಣ. ಸೋರಿದಾಗಲೆಲ್ಲ ಮೇಲೆ ಒಂದು ಪದರ ಮಣ್ಣು ಹಾಕುವುದು ನಮ್ಮ ಕಡೆಯ ರೂಢಿ. ಹಳೇದನ್ನು ಯಾರೂ ತೆಗೆಯುವುದಿಲ್ಲ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ ತಗೊಳ್ಳಿ. ಮೇಲೆ ಒಂದಡಿ ಮಣ್ಣು ಇದ್ದರೆ ಅದರ ತೂಕ ಐದು ಟನ್ನಿಗಿಂತ ಜಾಸ್ತಿ. ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಅದನ್ನು ಹೊತ್ತಿರುವುದು ಗೋಡೆಯೊಳಗೆ ತುದಿ ಕೊಳೆತಿರಬಹುದಾದ ನಾಲ್ಕೈದು ಜಂತಿ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪ ಆಯಿತು. ಹತ್ತು ಸಾವಿರದ ಹತ್ತಿರ ಜನ ಸತ್ತರು. ಭೂಕಂಪ ಜಗತ್ತಿನ ದೊಡ್ಡ ಭೂಕಂಪಗಳ ಸಾಲಿನದ್ದೇನೂ ಅಲ್ಲ. ಜನರನ್ನು ಕೊಂದಿದ್ದು ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಮತ್ತು ತಲೆಯ ಮೇಲಿನ ಭಾರ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿದ್ದು ನಿಮಗೂ ನೆನಪಿರಬೇಕು. ಹೆದರಿಸಲು ಹೇಳುತ್ತಿಲ್ಲ. ಮಾಳಿಗೆಯ ಭಾರ ಇಳಿಸುವುದು ಸೋರಿಕೆ ನಿಲ್ಲಿಸುವಷ್ಟೇ ಮುಖ್ಯ ಅಂತ ಹೇಳುತ್ತಿದ್ದೇನೆ.

ಕೆಲಸ ಹೀಗೆ. ಮಳೆಗಾಲ ಮುಗಿದ ಮೇಲೆ ಕೆಳಗಿನಿಂದ ಜಂತಿಗಳಿಗೆ ಆಸರೆ ಕೊಡಿ. ಮಣ್ಣನ್ನು ಒಂದು ಮೂಲೆಯಿಂದ ಅಗೆಯುತ್ತಾ ಹೋಗಬೇಡಿ. ಇಡೀ ಮಾಳಿಗೆ ಒಂದೇ ಸಮ ಇಳಿಯುವ ಹಾಗೆ ಪದರ ಪದರವಾಗಿ ತೆಗೆಸಿ. ಭಾರ ಒಂದೇ ಕಡೆ ಉಳಿದರೆ ಗೋಡೆ ವಾಲುತ್ತದೆ. ಮಣ್ಣು ಹೋದ ಮೇಲೆ ಬಡಿಗರನ್ನು ಕರೆಸಿ. ಜಂತಿಯ ನಡುಭಾಗ ಬಡಿದು "ಸಾಗವಾನಿ, ಗಟ್ಟಿ ಇದೆ" ಅಂದರೆ ನಂಬಬೇಡಿ. ರೋಗ ಇರುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿ ಒಂದು ಸ್ಕ್ರೂಡ್ರೈವರ್ ಒತ್ತಿ ನೋಡಿ. ಕಾಲು ಇಂಚು ಹೋಗಿ ನಿಂತರೆ ಸರಿ. ಎರಡಿಂಚು ಸಲೀಸಾಗಿ ಇಳಿದರೆ ಆ ತುದಿ ಹೋಗಿದೆ. ಹಾಗಂತ ಇಡೀ ಜಂತಿ ಎಸೆಯಬೇಕಿಲ್ಲ. ಕೊಳೆತಷ್ಟು ಕತ್ತರಿಸಿ, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಿ ಹೊಸ ತುದಿ ಜೋಡಿಸಬಹುದು. ತುದಿಯ ಸುತ್ತ ಗಾಳಿ ಆಡಲು ಸ್ವಲ್ಪ ಸಂದಿ ಬಿಡಿಸಿ, ಗಾರೆ ಮೆತ್ತಿ ಮುಚ್ಚಿಸಬೇಡಿ.

ಮೇಲೆ ಹಲಗೆ ಸರಿ ಮಾಡಿ, ನಾಲ್ಕು ಇಂಚಿನಷ್ಟು ಇಟ್ಟಿಗೆ ಚೂರು-ಸುಣ್ಣದ ಗಚ್ಚು ಹಾಕಿ ಮರದ ಹಲಗೆಯಿಂದ ಬಡಿದು ಬಡಿದು ಕೂರಿಸಬೇಕು. ಹತ್ತು ಅಡಿಗೆ ಎರಡು ಇಂಚಿನಷ್ಟಾದರೂ ಇಳಿಜಾರು ಇರಲಿ. ಅದೇ ಕೋಣೆಯ ಮೇಲೆ ಈಗ ಎರಡು ಟನ್ನಿನ ಆಸುಪಾಸು ಭಾರ. ಐದು ಎಲ್ಲಿ, ಎರಡು ಎಲ್ಲಿ.

ಎಂಜಿನಿಯರ್ ಒಬ್ಬರು ನಿಮಗೆ "ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಿಬಿಡಿ, ಗೋಡೆಗಳೆಲ್ಲ ಒಂದಾಗಿ ಹಿಡಿದುಕೊಳ್ಳುತ್ತವೆ" ಅಂತ ಹೇಳುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ಗೋಡೆಗಳು ಒಂದನ್ನೊಂದು ಹಿಡಿದುಕೊಳ್ಳಲೇಬೇಕು. ಭೂಮಿ ನಡುಗಿದಾಗ ಮೂಲೆ ಬಿಟ್ಟುಕೊಂಡೇ ಗೋಡೆ ಹೊರಗೆ ಬೀಳುವುದು. ಆದರೆ ಬೀದರದ ಬಿಸಿಲಿಗೆ ಬರೀ ಸ್ಲ್ಯಾಬ್ ದಿನಾ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸುಣ್ಣದಲ್ಲಿ ಕಟ್ಟಿದ ಮೆದು ಗೋಡೆ ಅದರ ಜೊತೆ ಓಡಲಾರದು, ಸ್ಲ್ಯಾಬಿನ ಕೆಳಗೆ ಉದ್ದಕ್ಕೆ ಬಿರುಕು ಬರುತ್ತದೆ. ಅದೇ ಬಂಧವನ್ನು ಗೋಡೆಯಿಂದ ಗೋಡೆಗೆ ಉಕ್ಕಿನ ಸಲಾಕೆ ಹಾಯಿಸಿ, ಹೊರಗೆ ಪ್ಲೇಟು-ನಟ್ಟು ಬಿಗಿದು ಪಡೆಯಬಹುದು. ಎಂಜಿನಿಯರ್ ಹತ್ತಿರ ಐಎಸ್ 13935 ನೋಡಿದ್ದೀರಾ ಅಂತ ಕೇಳಿ. ಕಲ್ಲು-ಇಟ್ಟಿಗೆ ಕಟ್ಟಡಗಳನ್ನು ಭೂಕಂಪಕ್ಕೆ ಗಟ್ಟಿ ಮಾಡುವ ಮಾರ್ಗಸೂಚಿ ಅದು. ಕೇಳಿದ ಕೂಡಲೇ ಮುಖ ಗಂಟಿಕ್ಕಿದರೆ ಬೇರೆಯವರನ್ನು ಹುಡುಕಿ.

ಗೋಡೆಯ ಹೊಟ್ಟೆಯನ್ನೂ ಪರೀಕ್ಷೆ ಮಾಡಿಸಿ. ಎರಡಡಿ ಗೋಡೆ ಅಂದರೆ ಎರಡೂ ಮುಖಕ್ಕೆ ಕೆತ್ತಿದ ಕಲ್ಲು, ನಡುವೆ ಚೂರು ಕಲ್ಲು-ಮಣ್ಣು ತುಂಬಿದ್ದು ಇರಬಹುದು. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆ, ಉಬ್ಬಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲಿ ತೆಳು ಸುಣ್ಣದ ಗಾರೆ ಒಳಗೆ ತುಂಬಿಸಬೇಕು, ಎರಡೂ ಮುಖ ಹಿಡಿಯುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸಬೇಕು. ಬಿರುಕು ಇದ್ದರೆ ಅದರ ಮೇಲೆ ಗಾಜಿನ ಚಿಕ್ಕ ಪಟ್ಟಿ ಅಂಟಿಸಿ ತಾರೀಕು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಕಲಬುರಗಿ, ಯಾದಗಿರಿ ಕಡೆಯ ಓದುಗರಿಗೆ ಒಂದು ಮಾತು: ಎರಿ ಮಣ್ಣಿನ ಮೇಲಿನ ಕಟ್ಟಡದಲ್ಲಿ ಬಿರುಕು ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಳ್ಳಬಹುದು. ಅದು ಮಣ್ಣಿನ ಆಟ, ಅದಕ್ಕೆ ಮದ್ದು ಬೇರೆ. ಬೀದರದ ಕೆಂಪು ನೆಲದಲ್ಲಿ ಬಿರುಕು ಬಂದರೆ ನಾನು ಮೊದಲು ನೀರನ್ನು, ಆಮೇಲೆ ಕೆಳಗೆ ಯಾರೋ ಕೊರೆದ ಗೋಡೆಯನ್ನು ಅನುಮಾನಿಸುತ್ತೇನೆ.

ನಡುಗೋಡೆಯ ಮಾತು ಇಲ್ಲೇ ಬಂತು. ಅದರ ಮೇಲೆ ಮೇಲಿನ ಮನೆಯ ಗೋಡೆ ನಿಂತಿದೆ ಅಲ್ವಾ? ಎರಡಡಿ ದಪ್ಪ, ಹನ್ನೊಂದು ಅಡಿ ಎತ್ತರದ ಜಂಬಿಟ್ಟಿಗೆ ಗೋಡೆ ಒಂದಡಿ ಉದ್ದಕ್ಕೆ ಹತ್ತಿರ ಹತ್ತಿರ ಒಂದೂಕಾಲು ಟನ್ ತೂಗುತ್ತದೆ. ಹತ್ತು ಅಡಿ ತೆಗೆದರೆ ಹನ್ನೆರಡು ಟನ್ ನೇತಾಡುತ್ತದೆ, ಮಾಳಿಗೆ ಮತ್ತು ನಡುಛತ್ತಿನ ಪಾಲು ಬೇರೆ. ಉಕ್ಕಿನ ತೊಲೆ ಕೊಟ್ಟು ನಿಲ್ಲಿಸಬಹುದು, ಆಗದ ಕೆಲಸವಲ್ಲ. ಆದರೆ ಆ ಭಾರವೆಲ್ಲ ತೊಲೆಯ ಎರಡು ತುದಿಯಲ್ಲಿ ಬಂದು ಕೂರುತ್ತದೆ. ಅಲ್ಲಿ ತೇವಕ್ಕೆ ಮೆತ್ತಗಾದ ನಿಮ್ಮ ಕಲ್ಲು ಇದೆ. ಬಾಡಿಗೆಯ ಹೆಚ್ಚಳ ಈ ಖರ್ಚನ್ನು, ಈ ಅಪಾಯವನ್ನು ತುಂಬಿಕೊಡುವುದಿಲ್ಲ. ಎರಡು ಅಂಗಡಿ ನಡುವೆ ಓಡಾಡಲೇಬೇಕು ಅಂದರೆ ಮೂರಡಿ ಅಗಲದ ಒಂದು ಬಾಗಿಲು ಬಿಡಿಸಬಹುದು, ಮೂಲೆಯಿಂದ ಎರಡಡಿಯಾದರೂ ದೂರ, ಮೇಲೆ ಕಲ್ಲಿನ ಕಮಾನು ಅಥವಾ ಸರಿಯಾದ ತೊಲೆ ಕೊಟ್ಟು, ಎಂಜಿನಿಯರ್ ಎದುರಲ್ಲೇ.

ಮೇಲೆ ಏನು ಮಾಡುವುದು? ಮೂವರಲ್ಲಿ ಒಬ್ಬರಾದರೂ ಬಂದು ಇರುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಕೋಟೆ ನೋಡಲು, ನಾನಕ್ ಝೀರಾ ಗುರುದ್ವಾರಕ್ಕೆ ಬರುವವರಿಗೆ ಎರಡು ಮೂರು ಕೋಣೆ ಕೊಡಬಹುದು. ವಕೀಲರ, ಲೆಕ್ಕಪತ್ರದವರ ಆಫೀಸು ಆಗಬಹುದು. ಬಳಕೆ ಬದಲಾದರೆ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ. ಗೋದಾಮು, ಕೋಚಿಂಗ್ ಕ್ಲಾಸು ಮಾತ್ರ ಬೇಡ. ಮನೆಗೆ ಒಂದು ಚದರ ಮೀಟರಿಗೆ 200 ಕಿಲೋ ಭಾರ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ, ಅಂಗಡಿಗೆ 400, ಗೋದಾಮಿಗೆ ಅದಕ್ಕೂ ಜಾಸ್ತಿ. ಮರದ ನಡುಛತ್ತು ಅದನ್ನು ತಡೆಯುವುದಿಲ್ಲ. ಕೋಚಿಂಗ್ ಕ್ಲಾಸಿನಲ್ಲಿ ಇನ್ನೊಂದು ತೊಂದರೆ: ಒಂದೇ ಮೆಟ್ಟಿಲಲ್ಲಿ ಐವತ್ತು ಮಕ್ಕಳು ಒಟ್ಟಿಗೆ ಇಳಿಯಬೇಕು.

ಅಂಗಡಿ-ಮನೆ ಒಂದೇ ಕಟ್ಟಡದಲ್ಲಿ ಇದ್ದಾಗ ನನಗೆ ದೊಡ್ಡ ಭಯ ಬೆಂಕಿ. ಕೆಳಗೆ ಬಟ್ಟೆ, ಪ್ಲಾಸ್ಟಿಕ್. ಮೇಲೆ ಮರದ ಛತ್ತು. ನಡುವೆ ಹಳೇ ವೈರು. ಮೆಟ್ಟಿಲು ನೇರ ಬೀದಿಗೆ ಇಳಿಯಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಕಾರಣ. ಅಂಗಡಿಯಲ್ಲಿ ಬೆಂಕಿ ಬಿದ್ದರೆ ಮೇಲಿದ್ದವರು ಅಂಗಡಿಯೊಳಗಿಂದ ಹೊರಗೆ ಬರಲಾದೀತೇ? ಮೂರು ಅಂಗಡಿಗೂ ಮನೆಗೂ ಬೇರೆ ಬೇರೆ ಮೀಟರ್, ಹೊಸ ವೈರಿಂಗ್ ಪೈಪಿನೊಳಗೆ. ಅಂಗಡಿಯ ಛತ್ತಿನ ಕೆಳಗೆ ಬೆಂಕಿ ತಡೆಯುವ ಜಿಪ್ಸಮ್ ಬೋರ್ಡ್ ಎರಡು ಪದರ ಹಾಕಿಸಿ, ಜಂತಿಗೆ ಗಾಳಿ ಆಡುವ ಹಾಗೆ. ಚೌಬಾರಾ ರಸ್ತೆಯಲ್ಲಿ ಬಿದರಿ ಅಂಗಡಿಗಳಿವೆ. ನಿಮ್ಮದರಲ್ಲೂ ಒಬ್ಬ ಬಿದರಿ ಕೆಲಸಗಾರರು ಬಂದರೆ ಬೀದಿಗೆ ಶೋಭೆ. ಕೆತ್ತನೆ, ಮಾರಾಟ ಅಲ್ಲಿ ನಡೆಯಲಿ. ಸತು-ತಾಮ್ರ ಕರಗಿಸುವ ಒಲೆ ಮಾತ್ರ ಮರದ ಛತ್ತಿನ ಕೆಳಗೆ ಬೇಡ, ಹಿತ್ತಲಿಗೆ ಹೋಗಲಿ.

ಬಚ್ಚಲು-ಪಾಯಖಾನೆ ಮರದ ನೆಲದ ಮೇಲೆ ಕಟ್ಟಿಸಬೇಡಿ. ಕೆಳಗೆ ಕಲ್ಲಿನ ಗಟ್ಟಿ ಆಧಾರ ಇರುವ ಹಿಂದಿನ ಭಾಗದಲ್ಲೇ, ಮೇಲೊಂದು ಕೆಳಗೊಂದು ಒಂದೇ ಸಾಲಿನಲ್ಲಿ ಇರಲಿ. ಪೈಪುಗಳು ಗೋಡೆಯ ಹೊರಗೇ ಕಾಣುವ ಹಾಗೆ ಇಳಿಯಲಿ, ಸೋರಿದರೆ ಗೊತ್ತಾಗುತ್ತದೆ. ಹಿತ್ತಲಲ್ಲಿ ಹೊಸದಾಗಿ ಕಟ್ಟುವುದು 100 ಮೀಟರ್ ಒಳಗಿದ್ದರೆ ಚಾಚುವಿಕೆ ಅನಿಸಿಕೊಳ್ಳುತ್ತದೆ, ಜೋಪಾನ.

ಮುಂಭಾಗಕ್ಕೆ ಹೆಚ್ಚು ಹೇಳುವುದಿಲ್ಲ. ಎಸಿಪಿ ಶೀಟು, ಅಂದರೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಹೊಡೆಸಿ ಮೇಲಿನ ಕಿಟಕಿ ಮುಚ್ಚಿಸಬೇಡಿ. ಬೋರ್ಡು ಸಜ್ಜಾದ ಕೆಳಗೆ, ಶಟರ್ ಕಮಾನಿನ ಒಳಗೆ. ಎಸಿ ಪೆಟ್ಟಿಗೆ ಹಿಂದಿನ ಗೋಡೆಗೆ.

ಅಣ್ಣತಮ್ಮಂದಿರ ವಿಷಯ. ಕಟ್ಟಡವನ್ನು ಉದ್ದಕ್ಕೆ ಮೂರು ಪಾಲು ಮಾಡಿಕೊಳ್ಳಬೇಡಿ. ಜಂತಿಗಳು ನಿಮ್ಮ ಪಾಲಿನ ಗೆರೆ ನೋಡಿ ಕೂತಿಲ್ಲ. ನಾಳೆ ಒಬ್ಬರು ತಮ್ಮ ಪಾಲು ಕೆಡವಿದರೆ ಉಳಿದಿಬ್ಬರ ಮಾಳಿಗೆಗೆ ಆಧಾರ ಇರುವುದಿಲ್ಲ. ಹಣ ಪಾಲಾಗಲಿ, ಕಟ್ಟಡ ಒಟ್ಟಿಗಿರಲಿ. ಬಾಡಿಗೆಯ ಒಂದು ಭಾಗ ಪ್ರತಿ ತಿಂಗಳು ಬೇರೆ ಖಾತೆಗೆ ಹೋಗಲಿ, ಅದನ್ನು ಮಾಳಿಗೆ ಮತ್ತು ಚರಂಡಿಗೆ ಬಿಟ್ಟು ಬೇರೆಗೆ ಮುಟ್ಟಬಾರದು ಅಂತ ಮೂವರೂ ಬರೆದು ಸಹಿ ಹಾಕಿ. ಯಾರಿಗಾದರೂ ಹೊರಗೆ ಹೋಗಬೇಕಿದ್ದರೆ ಉಳಿದವರು ಅವರ ಪಾಲು ಕೊಳ್ಳಲಿ, ವಕೀಲರ ಮೂಲಕ.

ಹಣ ಒಂದೇ ಸಲ ಬೇಕಾಗಿಲ್ಲ. ಈ ವರ್ಷ ಕಾಗದಪತ್ರ, ಅರ್ಜಿ, ಚರಂಡಿ, ಮಾಳಿಗೆಯ ಮೇಲೆ ತಾತ್ಕಾಲಿಕ ತಾಡಪಾಲು. ಅನುಮತಿ ಬಂದ ಮೇಲೆ, ಮಳೆ ಮುಗಿದ ಮೇಲೆ ಮಾಳಿಗೆ. ಅದರ ಮುಂದಿನ ಚಳಿಗಾಲಕ್ಕೆ ಗೋಡೆ. ಕೊನೆಗೆ ಮೇಲಿನ ಮನೆಯ ಒಳಗಿನ ಕೆಲಸ. ಅರಳಿ ಗಿಡ ಇದ್ದರೆ ಈಗಲೇ ಬುಡಕ್ಕೆ ಕತ್ತರಿಸಿ ಬೇರಿಗೆ ಔಷಧ ಹಾಕಿಸಿ. ಎಳೆದು ಕೀಳಬೇಡಿ, ಕಲ್ಲೂ ಜೊತೆಗೆ ಬರುತ್ತದೆ.

ಬಾಡಿಗೆದಾರರನ್ನು ಬರಿಗೈಲಿ ಕಳಿಸಬೇಕಿಲ್ಲ. ಎಂಜಿನಿಯರ್ ಒಪ್ಪಿದರೆ ಮೂರಡಿ ಬಾಗಿಲು, ಹೊಸ ವೈರಿಂಗ್, ಶಹಾಬಾದ ಕಲ್ಲಿನ ನೆಲ, ಮಾಲು ಹಾಳಾಗದ ಒಣ ಗೋಡೆ ಕೊಡುತ್ತೇವೆ ಅಂತ ಹೇಳಿ. ಗೋಡೆ ಬರಿಮೈ ಇರುವ ತಿಂಗಳುಗಳಿಗೆ ಬಾಡಿಗೆ ಸ್ವಲ್ಪ ಬಿಡಿ. ಕೆಲಸ ಮುಗಿದ ಮೇಲೆ ಹೊಸ ಬಾಡಿಗೆ ಮಾತಾಡಿ, ಕರಾರಿನಲ್ಲಿ ಮೆಟ್ಟಿಲು, ಮಾಳಿಗೆ, ಹೊರಗೋಡೆ ಮೂರೂ ಮಾಲೀಕರ ವಶದಲ್ಲೇ ಇರುತ್ತವೆ ಅಂತ ಬರೆಸಿ.